ಪದಚರ್ಚೆ: ‘ಯುಟಿಲಿಟಿ’ ವಿಮಾನಕ್ಕೆ ಏನನ್ನೋಣ? ನಾಳೆ ಬೆಳಿಗ್ಗೆ ಬೋರ್ಡು ಪ್ರಿಂಟಿಗೆ ಹೋಗ್ತಿದೆ

ಎಲ್ಲರಿಗೂ ನಮಸ್ಕಾರ. ಮೈಸೂರಿನ ಒಂದು ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಬೋರ್ಡು ಬರೆದುಕೊಡುತ್ತಿದ್ದೇನೆ. ಸೆಸ್ನಾ 172, ಪೈಪರ್ ಚೆರೋಕಿ, ಸೆಸ್ನಾ 206 ಅನ್ನೋ ಮೂರು ಸಣ್ಣ ವಿಮಾನಗಳ ಹೋಲಿಕೆ. ಸಿಂಗಲ್ ಎಂಜಿನ್‌ಗೆ ‘ಏಕಎಂಜಿನ್’, ಹೈ ವಿಂಗ್‌ಗೆ (ಮೈಯ ಮೇಲ್ಗಡೆ ರೆಕ್ಕೆ ಇರೋದಕ್ಕೆ) ‘ಉನ್ನತರೆಕ್ಕೆ’ ಅಂತ ಹಾಕಿದ್ದೇನೆ. 172ರ ಕೈಪಿಡಿಯಲ್ಲಿ ನಾರ್ಮಲ್, ಯುಟಿಲಿಟಿ ಅಂತ ಎರಡು ಕೆಟಗರಿ ಇವೆ. ಎರಡನೆಯದಕ್ಕೆ ‘ಸರಕು ವರ್ಗ’ ಅಂದರೆ ನಡೆಯುತ್ತಾ?

ಮರು (ಮಂಡ್ಯ):
ಎರಡೂ ಅರಿಸಮಾಸ, ಸಂಸ್ಕೃತಕ್ಕೆ ಕನ್ನಡ ಬೆರೆಸಿದ ಜೋಡುಪದ. ಮೊದಲು ಅಳಿಸಿ. ಹಳಗನ್ನಡದ ‘ಎಱಂಕೆ’ಯೇ ಸವೆದು ರೆಕ್ಕೆ ಆಗಿದ್ದು. ಅಂಥ ಪದದ ತಲೆ ಮೇಲೆ ‘ಉನ್ನತ’ ಯಾಕೆ ಕೂರಿಸ್ತೀರಿ? ಮೇಲ್ರೆಕ್ಕೆ, ಕೆಳರೆಕ್ಕೆ. ನಮ್ಮ ಕಡೆ ಒಂಟೆತ್ತಿನ ಗಾಡಿ ಅಂತಾರೆ, ಹಾಗೇ ಲೋಪಸಂಧಿ ಮಾಡಿ ‘ಒಂಟೆಂಜಿನ್’ ಅನ್ನಿ. ವಿಮಾನವೂ ಬೇಡ, ‘ಬಾನೋಡ’ ಇದೆ.

ಮರು (ಮೈಸೂರು, ಕುವೆಂಪುನಗರ):
ಎಂಜಿನ್ ಸಂಸ್ಕೃತವೂ ಅಲ್ಲ, ಕನ್ನಡವೂ ಅಲ್ಲ. ಅದರ ಮೇಲೆ ಅರಿಸಮಾಸದ ಕೇಸು ನಿಲ್ಲಲ್ಲ ಸ್ವಾಮಿ. ಮೇಲ್ರೆಕ್ಕೆಗೆ ಮಾತ್ರ ನನ್ನ ಓಟು.

ಆದರೆ ‘ಸರಕು ವರ್ಗ’ ಪೂರ್ತಿ ತಪ್ಪು. ಕೈಪಿಡಿಯ ಯುಟಿಲಿಟಿ ಅಂದರೆ ಗಟ್ಟಿತನದ ಲೆಕ್ಕ. ನಾರ್ಮಲ್‌ನಲ್ಲಿ ವಿಮಾನದ ಮೈ ತನ್ನ ತೂಕದ 3.8 ಪಟ್ಟು ಒತ್ತಡ ತಾಳಬೇಕು, ಯುಟಿಲಿಟಿಯಲ್ಲಿ 4.4 ಪಟ್ಟು. ಅದಕ್ಕೇ 172ನ್ನು ಯುಟಿಲಿಟಿಯಲ್ಲಿ ಹಾರಿಸುವಾಗ ತೂಕ ಇಳಿಸಬೇಕು. ಹಿಂದಿನ ಸೀಟಿನಲ್ಲಿ ಯಾರೂ ಕೂರುವಂತಿಲ್ಲ, ಲಗೇಜೂ ಇಡುವಂತಿಲ್ಲ. ಅದಕ್ಕೆ ಹೋಗಿ ಸರಕು ಅಂತೀರಲ್ಲ!

ನಿಜವಾಗಿ ಸಾಮಾನು ಹೊರೋದು 206. ಆರು ಸೀಟು, ಬಲಗಡೆ ಹಿಂದೆ ಜೋಡಿ ಬಾಗಿಲು. ಸೀಟು ಕಳಚಿದರೆ ಮೂಟೆ ಹಿಡಿಯುತ್ತೆ. ಅದಕ್ಕೆ ‘ಕೆಲಸದ ವಿಮಾನ’ ಅನ್ನಿ, ಸಾಕು.

ರೆಕ್ಕೆ ವಿಷಯ ಬರೀ ಚಂದಕ್ಕಲ್ಲ, ಅದನ್ನೂ ಬೋರ್ಡಿಗೆ ಹಾಕಿ. 172ರ ಟ್ಯಾಂಕು ತಲೆ ಮೇಲಿನ ರೆಕ್ಕೆಯಲ್ಲಿದೆ. ಪೆಟ್ರೋಲು ತಾನೇ ಇಳಿಯುತ್ತೆ, ಎರಡೂ ಟ್ಯಾಂಕು ಒಟ್ಟಿಗೆ ತೆರೆದಿಡಬಹುದು. ಚೆರೋಕಿಯದು ಕೆಳಗೆ, ಪಂಪು ಬೇಕು. ಆಗಾಗ ಎಡ ಟ್ಯಾಂಕಿನಿಂದ ಬಲ ಟ್ಯಾಂಕಿಗೆ ಪೈಲಟ್ಟೇ ಬದಲಿಸಬೇಕು. ಬಾಗಿಲೂ ಒಂದೇ, ಬಲಗಡೆ.

ಮರು (ಮಂಡ್ಯ):
ಟ್ಯಾಂಕು, ಪಂಪು, ಪೈಲಟ್ಟು, ಲಗೇಜು. ಇದು ಪದಚರ್ಚೆಯೋ ವರ್ಕ್‌ಶಾಪೋ?

ಮರು (ಶ್ರೀರಂಗಪಟ್ಟಣ):
ಬಾನೋಡ ಅಂತ ಬೋರ್ಡು ಹಾಕಿದರೆ ಮಕ್ಕಳು ಪಕ್ಕದವರನ್ನು ‘ವಿಮಾನ ಎಲ್ಲಿದೆ’ ಅಂತ ಕೇಳ್ತಾರೆ. ಬಸ್ಸು, ಕಾರು ಬಂದಾಗ ಕನ್ನಡ ಸತ್ತಿಲ್ಲ. ಸುಮ್ನೆ ಬಿಡಿ.

ಮರು (ಮಂಡ್ಯ):
ಬಸ್ಸಿಗೆ ಪದ ಕಟ್ಟದೆ ಸೋತಿದ್ದಕ್ಕೇ ಇವತ್ತು ಅಡುಗೆಮನೆಯೂ ಕಿಚನ್ ಆಗಿದೆ.

ಮರು (ಕೇಳಿದವರು):
ಜಗಳ ಆಮೇಲೆ ಆಡಿ, ಪ್ರಿಂಟಿನವರು ಫೋನ್ ಮಾಡ್ತಿದ್ದಾರೆ. ಒಂಟಿ ಎಂಜಿನ್, ಮೇಲ್ರೆಕ್ಕೆ, ಕೆಳರೆಕ್ಕೆ, ಕೆಲಸದ ವಿಮಾನ. ಯುಟಿಲಿಟಿಯನ್ನು ಹಾಗೇ ಬಿಟ್ಟು ಕೆಳಗೆ ‘ಜಾಸ್ತಿ ಒತ್ತಡ ತಾಳುತ್ತೆ, ಹಿಂದಿನ ಸೀಟು ಖಾಲಿ’ ಅಂತ ಹಾಕ್ತೀನಿ. ಆಗಬಹುದಾ?

ಮರು (ಮಂಡ್ಯ):
‘ಖಾಲಿ’ ಅರಬ್ಬಿಯದು. ‘ಬರಿದು’ ಅನ್ನಿ.