ಇಳಿಯಿತೋ, ಬಿಟ್ಟಿತೋ, ಗುಣವಾಯಿತೋ? ಖಿನ್ನತೆಯ ಸಂಶೋಧನೆಗೆ ಕನ್ನಡದ ಪದಗಳು

ತೀವ್ರ ಖಿನ್ನತೆಗೆ ಮಾತ್ರೆ ಹೆಚ್ಚು ಕೆಲಸ ಮಾಡುತ್ತದೋ, ಇಸಿಟಿಯೋ ಎಂಬ ಸಂಶೋಧನೆಗಳ ಬಗ್ಗೆ ಒಂದು ಉದ್ದನೆಯ ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಇಸಿಟಿ ಎಂದರೆ ಜನ ‘ಶಾಕ್ ಟ್ರೀಟ್‌ಮೆಂಟ್’, ‘ಕರೆಂಟ್ ಕೊಡೋದು’ ಅಂತಾರಲ್ಲ, ಅದೇ: ತಲೆಗೆ ಕರೆಂಟ್ ಹಾಯಿಸಿ ಫಿಟ್ಸ್ ಬರಿಸುವ ಚಿಕಿತ್ಸೆ. ಔಷಧಗಳ ಹೆಸರು, ಯಂತ್ರದ ವಿವರ ಎಲ್ಲ ಹೇಗೋ ಸಾಗುತ್ತಿದೆ. ಸಿಕ್ಕಿಕೊಂಡಿರುವುದು ತೀರಾ ಸಾದಾ ಮಾತಿನಲ್ಲಿ. ‘ಗುಣವಾಯಿತು’ ಎಂದು ಎಲ್ಲೆಲ್ಲಿ ಬರೆಯಬಹುದು?

ಈ ಕ್ಷೇತ್ರದವರು ಗುಣವನ್ನು ಒಂದೇ ಗಂಟಾಗಿ ನೋಡುವುದಿಲ್ಲ. ರೆಸ್ಪಾನ್ಸ್ ಬೇರೆ, ರಿಮಿಶನ್ ಬೇರೆ, ರಿಕವರಿ ಬೇರೆ. ಕಾಯಿಲೆ ತಿರುಗಿ ಬಂದರೆ ಅದಕ್ಕೂ ಎರಡು ಹೆಸರು: ರಿಲ್ಯಾಪ್ಸ್, ರಿಕರೆನ್ಸ್. 1991ರಲ್ಲಿ ಸಂಶೋಧಕಿ ಎಲೆನ್ ಫ್ರಾಂಕ್ ಮತ್ತು ಜೊತೆಗಾರರು ಈ ಐದಕ್ಕೂ ಗಡಿ ಹಾಕಿಕೊಟ್ಟರು. ಅದಕ್ಕೂ ಮುಂಚೆ ಒಬ್ಬೊಬ್ಬರು ಒಂದೊಂದು ಅರ್ಥದಲ್ಲಿ ಬಳಸುತ್ತಿದ್ದರು.

ವ್ಯತ್ಯಾಸ ಕೂದಲು ಸೀಳುವಂಥದ್ದಲ್ಲ. ಮ್ಯಾಕ್ಸ್ ಹ್ಯಾಮಿಲ್ಟನ್ 1960ರಲ್ಲಿ ಮಾಡಿದ ಅಳತೆಪಟ್ಟಿಯನ್ನೇ ತೆಗೆದುಕೊಳ್ಳಿ. ನಿದ್ದೆ, ತಪ್ಪಿತಸ್ಥ ಭಾವ, ಸಾಯುವ ಯೋಚನೆ, ಕೆಲಸದಲ್ಲಿ ಆಸಕ್ತಿ, ಹೀಗೆ 17 ಸಂಗತಿಗಳಿಗೆ ಅಂಕ ಕೊಡುತ್ತಾರೆ. ಅಂಕ ಜಾಸ್ತಿಯಾದಷ್ಟೂ ಖಿನ್ನತೆ ಜಾಸ್ತಿ. ಮೊದಲಿದ್ದ ಅಂಕ ಅರ್ಧಕ್ಕೋ ಅದಕ್ಕಿಂತ ಕೆಳಕ್ಕೋ ಇಳಿದರೆ ರೆಸ್ಪಾನ್ಸ್. 7 ಅಥವಾ ಅದಕ್ಕಿಂತ ಕಡಿಮೆಯಾದರೆ ರಿಮಿಶನ್. ಅದೇ ಸ್ಥಿತಿ ತಿಂಗಳುಗಟ್ಟಲೆ ನಿಂತರೆ ರಿಕವರಿ. ಈಗ 30 ಅಂಕ ಇದ್ದವರೊಬ್ಬರು 15ಕ್ಕೆ ಬಂದರು ಅಂದುಕೊಳ್ಳಿ. ಲೆಕ್ಕದಲ್ಲಿ ಅವರು ರೆಸ್ಪಾನ್ಸ್ ಕಂಡವರು. ಆದರೆ ಅವರಿಗೆ ಇನ್ನೂ ಕಾಯಿಲೆ ಇದೆ. ನಿದ್ದೆ ಸರಿಯಿಲ್ಲ, ಮನೆಯಿಂದ ಹೊರಗೆ ಬರಲು ಮನಸ್ಸಿಲ್ಲ. ಅವರ ಬಗ್ಗೆ ‘ಗುಣವಾದರು’ ಎಂದು ಬರೆದರೆ ಅದು ಸುಳ್ಳು, ಅಲ್ವಾ?

ಪತ್ರಿಕೆಗಳಲ್ಲಿ ಈ ಎಲ್ಲದಕ್ಕೂ ಒಂದೇ ಪದ ಓಡಾಡುತ್ತಿದೆ: ‘ಗುಣಮುಖ’. ನನಗೆ ಇದೇ ಸೋಜಿಗ. ಪದವನ್ನು ಬಿಡಿಸಿ ನೋಡಿದರೆ ಗುಣದ ಕಡೆಗೆ ಮುಖ ಮಾಡಿದವನು, ಇನ್ನೂ ದಾರಿಯಲ್ಲಿರುವವನು ಎಂದೇ ಅರ್ಥ. ‘ಇಳಿಮುಖ’ ಎಂದಾಗ ಪೂರ್ತಿ ಇಳಿದದ್ದು ಎಂದು ಯಾರೂ ತಿಳಿಯುವುದಿಲ್ಲ. ಹಾಗೆ ನೋಡಿದರೆ ‘ಗುಣಮುಖ’ ರೆಸ್ಪಾನ್ಸಿಗೆ ಹೇಳಿ ಮಾಡಿಸಿದ ಪದ. ಆದರೆ ‘ಗುಣಮುಖರಾಗಿ ಮನೆಗೆ ಮರಳಿದರು’ ಎಂದು ಓದಿ ಓದಿ ಅದು ಪೂರ್ತಿ ಗುಣ ಎಂದೇ ಕಿವಿಗೆ ಕೂತಿದೆ. ಅದನ್ನು ಹಳೆಯ ಅರ್ಥಕ್ಕೆ ಎಳೆದು ತರುವುದು ಈಗ ಯಾರ ಕೈಲೂ ಆಗದು.

‘ವಾಸಿ’ಯ ಕಥೆಯೂ ಇಂಥದ್ದೇ. ‘ನಿನ್ನೆಗಿಂತ ಇವತ್ತು ವಾಸಿ’ ಎಂದರೆ ಸ್ವಲ್ಪ ಮೇಲು ಅಷ್ಟೇ. ‘ಗಾಯ ವಾಸಿಯಾಯಿತು’ ಎಂದರೆ ಮುಗಿಯಿತು. ‘ಕಡಿಮೆಯಾಗು’ ಇನ್ನೂ ತಮಾಷೆ. ‘ತಲೆನೋವು ಕಡಿಮೆಯಾಯ್ತಾ?’ ಎಂದು ಕೇಳುವವರು ಎಷ್ಟು ಉಳಿದಿದೆ ಎಂದು ಕೇಳುತ್ತಿಲ್ಲ, ಹೋಯಿತಾ ಎಂದೇ ಕೇಳುತ್ತಿದ್ದಾರೆ. ಮಾತಿನಲ್ಲಿ ಇದರಿಂದ ತೊಂದರೆಯಿಲ್ಲ, ದನಿಯೇ ಅರ್ಥ ಹೇಳುತ್ತದೆ. ಬರಹದಲ್ಲಿ, ಅದರಲ್ಲೂ ಶೇಕಡಾ ಲೆಕ್ಕದ ಪಕ್ಕದಲ್ಲಿ, ಓದುಗ ದಾರಿ ತಪ್ಪುತ್ತಾನೆ.

ಎಷ್ಟು ತಪ್ಪಬಹುದು ಎಂಬುದಕ್ಕೆ ಎರಡು ಈಚಿನ ಅಧ್ಯಯನಗಳನ್ನು ನೋಡಿ. 2022ರಲ್ಲಿ ಸ್ವೀಡನ್ನಿನವರು ಇಸಿಟಿಯನ್ನೂ ಕೆಟಮಿನ್ ಔಷಧವನ್ನೂ ಹೋಲಿಸಿದರು. ಇಸಿಟಿ ಪಡೆದವರಲ್ಲಿ ಶೇ 63, ಕೆಟಮಿನ್ ಪಡೆದವರಲ್ಲಿ ಶೇ 46. 2023ರಲ್ಲಿ ಅಮೆರಿಕದವರು ಅದೇ ಎರಡನ್ನು ಹೋಲಿಸಿದರು. ಕೆಟಮಿನ್‌ನಲ್ಲಿ ಶೇ 55.4, ಇಸಿಟಿಯಲ್ಲಿ ಶೇ 41.2. ಎರಡಕ್ಕೂ ‘ಇಷ್ಟು ಜನ ಗುಣಮುಖರಾದರು’ ಎಂದು ಬರೆದರೆ ಓದುಗನಿಗೆ ಅನ್ನಿಸುವುದು ಒಂದೇ: ಈ ವಿಜ್ಞಾನಿಗಳು ದಿನಕ್ಕೊಂದು ಹೇಳುತ್ತಾರೆ. ಆದರೆ ಸ್ವೀಡನ್ನಿನವರು ಎಣಿಸಿದ್ದು ರಿಮಿಶನ್, ಅಮೆರಿಕದವರು ಮುಂದಿಟ್ಟಿದ್ದು ರೆಸ್ಪಾನ್ಸ್. ಈ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಇಡುವುದೇ ಸಲ್ಲದು.

ಹಾಗಂತ ಎಲ್ಲ ಜಗಳವೂ ಪದದ ಜಗಳವಲ್ಲ. ಅಮೆರಿಕದ ಅಧ್ಯಯನದಲ್ಲಿ ರಿಮಿಶನ್ ಎಣಿಸಿದರೂ ಕೆಟಮಿನ್ನೇ ಮುಂದಿತ್ತು. ನನಗನ್ನಿಸುವಂತೆ ದೊಡ್ಡ ವ್ಯತ್ಯಾಸ ರೋಗಿಗಳಲ್ಲಿದೆ. ಸ್ವೀಡನ್ನಿನಲ್ಲಿ ಎಲ್ಲರೂ ಆಸ್ಪತ್ರೆಗೆ ಸೇರಿದ್ದವರು. ‘ನಾನು ಪಾಪ ಮಾಡಿದ್ದೇನೆ, ನನ್ನ ಕರುಳು ಕೊಳೆತಿದೆ’ ಎಂಬಂಥ ಭ್ರಮೆ ಇದ್ದವರನ್ನೂ ಅವರು ಬಿಟ್ಟಿರಲಿಲ್ಲ. ಅಮೆರಿಕದವರು ಅಂಥವರನ್ನು ಸೇರಿಸಿಕೊಳ್ಳಲಿಲ್ಲ. ಭ್ರಮೆ ಕೂಡಿದ ಖಿನ್ನತೆಯಲ್ಲಿ ಇಸಿಟಿ ಹೆಚ್ಚು ಚೆನ್ನಾಗಿ ಕೆಲಸ ಮಾಡುತ್ತದೆ. ಇಲ್ಲಿ ‘ತೀವ್ರ’ ಎಂಬ ಪದವೂ ಕೈಕೊಡುತ್ತದೆ. ಎರಡೂ ಗುಂಪು ‘ತೀವ್ರ ಖಿನ್ನತೆ’ಯವರೇ. ಮಾತ್ರೆಗೆ ಜಗ್ಗದ್ದು, ಭ್ರಮೆ ಕೂಡಿದ್ದು, ಊಟ ನೀರು ಬಿಟ್ಟು ಮಲಗಿಸಿದ್ದು, ಇವನ್ನು ಬಿಡಿಸಿ ಹೇಳುವುದೇ ಒಳ್ಳೆಯದು. (ಎಲ್ಲೋ ‘ಮೇಜರ್ ಡಿಪ್ರೆಶನ್’ ಎಂಬುದಕ್ಕೆ ‘ಪ್ರಮುಖ ಖಿನ್ನತೆ’ ಎಂದೂ ಓದಿದೆ. ಪ್ರಮುಖ ಅತಿಥಿಯ ಹಾಗೆ!)

ಹಳೆಯ ಅಧ್ಯಯನಗಳಲ್ಲಿ ತೊಡಕು ಬೇರೆ. ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್ 1965ರಲ್ಲಿ ಪ್ರಕಟಿಸಿದ ದೊಡ್ಡ ಪರೀಕ್ಷೆಯಲ್ಲಿ ಸುಮಾರು 250 ರೋಗಿಗಳಿದ್ದರು. ನಾಲ್ಕು ವಾರದ ಕೊನೆಗೆ ಇಸಿಟಿ ಪಡೆದವರಲ್ಲಿ ಶೇ 71, ಇಮಿಪ್ರಮಿನ್ ಮಾತ್ರೆಯವರಲ್ಲಿ ಶೇ 52, ಹುಸಿಮಾತ್ರೆಯವರಲ್ಲಿ (ಔಷಧವೇ ಇಲ್ಲದ ಮಾತ್ರೆ, ಪ್ಲಸೀಬೊ) ಶೇ 39, ಇನ್ನೊಂದು ಮಾತ್ರೆ ಫೆನೆಲ್ಜಿನ್‌ನವರಲ್ಲಿ ಶೇ 30. ಇಲ್ಲಿ ಎಣಿಸಿದ್ದು ಲಕ್ಷಣ ಇಲ್ಲದವರನ್ನು ಮತ್ತು ಅಲ್ಪಸ್ವಲ್ಪ ಉಳಿದವರನ್ನು. ಅಂಕದ ಗಡಿ ಇನ್ನೂ ರೂಢಿಗೆ ಬಂದಿರಲಿಲ್ಲ. ಇದನ್ನು ರೆಸ್ಪಾನ್ಸ್ ಎನ್ನಲೋ ರಿಮಿಶನ್ ಎನ್ನಲೋ? ಎರಡೂ ಬೇಡ, ‘ಲಕ್ಷಣ ಇಲ್ಲ ಅಥವಾ ಅಲ್ಪ’ ಎಂದು ಇದ್ದದ್ದನ್ನೇ ಬರೆದಿದ್ದೇನೆ. ‘ಹುಸಿಮಾತ್ರೆ’ ಎಂಬ ಪದ ನಿಮಗೆ ಒಪ್ಪಿಗೆಯೇ ಹೇಳಿ. ‘ನಕಲಿ ಮಾತ್ರೆ’ ಎಂದರೆ ಯಾರೋ ಮೋಸ ಮಾಡಿ ಮಾರಿದ ಹಾಗಾಗುತ್ತದೆ. ಅರಿವಳಿಕೆ ಮಾತ್ರ ಕೊಟ್ಟು ಕರೆಂಟ್ ಕೊಡದೆ ನಡೆಸುವುದಕ್ಕೂ ‘ಹುಸಿ ಇಸಿಟಿ’ ಎಂದೇ ಬರೆದಿದ್ದೇನೆ. 1980ರ ನಾರ್ತ್‌ವಿಕ್ ಪಾರ್ಕ್ ಆಸ್ಪತ್ರೆಯ ಪರೀಕ್ಷೆ ಅಂಥದ್ದು. ಅಲ್ಲಿ ಹುಸಿ ಇಸಿಟಿ ಪಡೆದವರೂ ಸಾಕಷ್ಟು ಸುಧಾರಿಸಿದರು. ನಿಜವಾದ ಇಸಿಟಿಯವರು ನಾಲ್ಕು ವಾರದ ಕೊನೆಗೆ ಮುಂದಿದ್ದರು, ಆರು ತಿಂಗಳ ಹೊತ್ತಿಗೆ ಆ ಅಂತರ ಉಳಿದಿರಲಿಲ್ಲ.

ತಿರುಗಿ ಬರುವುದಕ್ಕೆ ‘ಮರುಕಳಿಕೆ’ ಇದೆ. ಒಂದೇ ಇದೆ ಎಂಬುದೇ ಕಷ್ಟ. ಹಾರೊಲ್ಡ್ ಸ್ಯಾಕೈಮ್ ತಂಡ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಸಿಟಿಯಿಂದ ರಿಮಿಶನ್ ತಲುಪಿದವರನ್ನು 24 ವಾರ ಹಿಂಬಾಲಿಸಿದರು. ಆಮೇಲೆ ಹುಸಿಮಾತ್ರೆ ಮಾತ್ರ ತೆಗೆದುಕೊಂಡವರಲ್ಲಿ ಶೇ 84 ಜನಕ್ಕೆ ಕಾಯಿಲೆ ತಿರುಗಿ ಬಂತು. ಖಿನ್ನತೆಯ ಮಾತ್ರೆ ನಾರ್ಟ್ರಿಪ್ಟಿಲಿನ್ ತೆಗೆದುಕೊಂಡವರಲ್ಲಿ ಶೇ 60. ಅದರ ಜೊತೆ ಲಿಥಿಯಂ ಸೇರಿಸಿದವರಲ್ಲಿ ಶೇ 39. ಹೊಸದಾಗಿ ಬಂದ ಕಾಯಿಲೆಯಲ್ಲ ಇದು, ಅಡಗಿದ್ದದ್ದು ಮತ್ತೆ ತಲೆ ಎತ್ತಿದ್ದು. ರಿಲ್ಯಾಪ್ಸ್ ಅಂದರೆ ಇದೇ. ಪೂರ್ತಿ ಗುಣವಾದ ಮೇಲೆ ಹೊಸದಾಗಿ ಬರುವುದು ರಿಕರೆನ್ಸ್. ಮೊದಲನೆಯದಕ್ಕೆ ‘ಮರುಕಳಿಕೆ’, ಎರಡನೆಯದಕ್ಕೆ ‘ಮತ್ತೊಂದು ಸುತ್ತು’ ಎಂದು ಇಟ್ಟುಕೊಂಡಿದ್ದೇನೆ. ರೋಗಿಯ ಮನೆಯವರಿಗೂ ಇದು ತಿಳಿಯುತ್ತದೆ. ‘ಶಾಕ್ ಕೊಡಿಸಿದೆವು, ಗುಣವಾಯಿತು, ಇನ್ನು ಮಾತ್ರೆ ಯಾಕೆ?’ ಎಂದು ಕೇಳುವವರಿಗೆ ಆ ಶೇ 84ರ ಲೆಕ್ಕ ಸರಿಯಾದ ಪದದಲ್ಲಿ ತಲುಪಬೇಕು.

ಇಸಿಟಿಯ ಹೆಸರಿನ ಬಗ್ಗೆಯೂ ಎರಡು ಮಾತು. ‘ವಿದ್ಯುತ್ ಕಂಪನ ಚಿಕಿತ್ಸೆ’ ಎಂಬ ಬಳಕೆ ಇದೆ. ನನಗೆ ಒಗ್ಗುತ್ತಿಲ್ಲ. ಈಗ ಅರಿವಳಿಕೆ ಕೊಟ್ಟು, ಸ್ನಾಯು ಸಡಿಲಿಸುವ ಔಷಧ ಕೊಟ್ಟು ಮಾಡುತ್ತಾರೆ. ಮೈ ಕಂಪಿಸುವುದೇ ಇಲ್ಲ ಎನ್ನಬಹುದು. ಫಿಟ್ಸ್ ಬಂತೋ ಇಲ್ಲವೋ ತಿಳಿಯಲು ಕೆಲವೊಮ್ಮೆ ಒಂದು ಕಾಲಿಗೆ ಪಟ್ಟಿ ಬಿಗಿದು, ಆ ಔಷಧ ಪಾದಕ್ಕೆ ಹೋಗದಂತೆ ತಡೆದು, ಪಾದದ ಅದುರಾಟ ನೋಡುತ್ತಾರೆ. ಇನ್ನು ‘ವಿದ್ಯುತ್’ ಕೂಡ ಬರೀ ಸಾಧನ. ಬುಡಾಪೆಸ್ಟಿನ ವೈದ್ಯ ಮೆಡೂನಾ 1934ರಲ್ಲಿ ಫಿಟ್ಸ್ ಬರಿಸಿದ್ದು ಕರ್ಪೂರದ ಚುಚ್ಚುಮದ್ದಿನಿಂದ. ರೋಮ್‌ನಲ್ಲಿ ಚೆರ್ಲೆಟ್ಟಿ ಮತ್ತು ಬಿನಿ ಕರೆಂಟ್ ಬಳಸಿದ್ದು 1938ರಲ್ಲಿ. ಈಗ ಅಯಸ್ಕಾಂತದಿಂದ ಫಿಟ್ಸ್ ಬರಿಸುವ ವಿಧಾನವೂ ಇದೆ, ಫಿಟ್ಸ್ ಬರಿಸದೆ ಸಣ್ಣ ಕರೆಂಟ್ ಹಾಯಿಸುವ ವಿಧಾನವೂ ಇದೆ. ಹಾಗಾಗಿ ಹೆಸರಿನಲ್ಲಿ ಮುಖ್ಯವಾಗಿ ಇರಬೇಕಾದ್ದು ಫಿಟ್ಸ್. ‘ವಿದ್ಯುತ್ ಸೆಳವು ಚಿಕಿತ್ಸೆ’ ಸರಿಯಾದ ಅರ್ಥ ಕೊಡುತ್ತದೆ, ಆದರೆ ‘ಸೆಳವು’ ಎಂದ ಕೂಡಲೇ ನನ್ನ ಕಣ್ಣಿಗೆ ಹೊಳೆಯೇ ಬರುತ್ತದೆ. ಸದ್ಯಕ್ಕೆ ಒಮ್ಮೆ ಬಿಡಿಸಿ ಹೇಳಿ, ಮುಂದೆಲ್ಲ ‘ಇಸಿಟಿ’ ಎಂದೇ ಬಿಟ್ಟಿದ್ದೇನೆ.

ಮತ್ತೆ ಗುಣಕ್ಕೆ ಬರುತ್ತೇನೆ. ನಿಘಂಟುಗಳು ರಿಮಿಶನ್‌ಗೆ ‘ಉಪಶಮನ’ ಕೊಡುತ್ತವೆ. ಕೊನೆಗಾಲದ ನೋವು ತಗ್ಗಿಸುವ ಆರೈಕೆಗೂ ಅದೇ ಪದ ಬಳಕೆಯಲ್ಲಿದೆ, ಹಾಗಾಗಿ ಬೇಡ ಅನ್ನಿಸಿತು. ಆಗ ಹೊಳೆದದ್ದು ಜ್ವರದ ಮಾತು. ಜ್ವರ ‘ಇಳಿದಿದೆ’ ಎಂದರೆ ಇನ್ನೂ ಸ್ವಲ್ಪ ಇದೆ. ಜ್ವರ ‘ಬಿಟ್ಟಿದೆ’ ಎಂದರೆ ಈಗಿಲ್ಲ, ನಾಳೆ ಬಂದರೂ ಬರಬಹುದು. ಜ್ವರ ‘ಗುಣವಾಗಿದೆ’ ಎಂದರೆ ಆ ಮಾತು ಮುಗಿಯಿತು. ಮೂರಕ್ಕೆ ಮೂರು ಸರಿಯಾಗಿ ಕೂರುತ್ತವೆ. ‘ಖಿನ್ನತೆ ಇಳಿಯಿತು, ಖಿನ್ನತೆ ಬಿಟ್ಟಿತು, ಖಿನ್ನತೆ ಗುಣವಾಯಿತು’ ಎಂದು ಬರೆದರೆ ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ? ‘ಬಿಟ್ಟಿತು’ ಬರೀ ಜ್ವರಕ್ಕೂ ದೆವ್ವಕ್ಕೂ ಹೇಳುವ ಮಾತು, ಖಿನ್ನತೆಗೆ ಒಪ್ಪದು ಎನ್ನುವವರೂ ಇರಬಹುದು. ಕೋಷ್ಟಕದಲ್ಲಿ ಇನ್ನೊಂದು ತಾಪತ್ರಯ. ಅಲ್ಲಿ ಕ್ರಿಯಾಪದ ಹಿಡಿಸುವುದಿಲ್ಲ, ನಾಮಪದ ಬೇಕು. ‘ಇಳಿಕೆ ಶೇ 41.2’ ಪರವಾಗಿಲ್ಲ. ‘ಬಿಡುವು ಶೇ 63’ ಎಂದರೆ ರಜೆಯ ಪಟ್ಟಿಯಂತಿದೆ. ‘ಬಿಡುಗಡೆ’ ಎಂದರೆ ಆಸ್ಪತ್ರೆಯಿಂದ ಕಳಿಸಿದ ಲೆಕ್ಕ ಅಂದುಕೊಳ್ಳುತ್ತಾರೆ. ಆ ಒಂದು ಕಂಬಸಾಲಿನ ತಲೆಯ ಮೇಲೆ ಏನು ಬರೆಯಲಿ?