ಜಪಾನಿನ ಸಂಟೋರಿ ಓಪನ್ ಗಾಲ್ಫ್ ಟೂರ್ನಿ: ಅದರ ಇತಿಹಾಸವೇನು, ಅದು ನಿಂತದ್ದೇಕೆ?

ಬಿಟ್ಟಂಗಾಲದ ಆಟಗಾರ:
ಎಲ್ಲರಿಗೂ ನಮಸ್ಕಾರ. ವಿರಾಜಪೇಟೆ ಬಳಿಯ ಬಿಟ್ಟಂಗಾಲದ ಗಾಲ್ಫ್ ಮೈದಾನದಲ್ಲಿ ಆಡುವ ನಾವು ಕೆಲವರು, ಹೊರದೇಶಗಳಲ್ಲಿ ಗೆದ್ದ ಭಾರತೀಯ ವೃತ್ತಿಪರ ಆಟಗಾರರ ವಿವರಗಳನ್ನು ಒಂದೆಡೆ ಸೇರಿಸುತ್ತಿದ್ದೇವೆ. ಜ್ಯೋತಿ ರಾಂಧಾವ ಅವರು 2003ರಲ್ಲಿ ಜಪಾನಿನ ಸಂಟೋರಿ ಓಪನ್ ಗೆದ್ದರೆಂದು ತಿಳಿದಿದೆ. ಆದರೆ ಜಪಾನ್ ಟೂರ್‌ನ (ಅಲ್ಲಿನ ವೃತ್ತಿಪರ ಟೂರ್ನಿಗಳ ವಾರ್ಷಿಕ ಸರಣಿಯ) ಈಗಿನ ವೇಳಾಪಟ್ಟಿಯಲ್ಲಿ ಆ ಹೆಸರೇ ಕಾಣುವುದಿಲ್ಲ. ಅದು ಎಷ್ಟು ಮಹತ್ವದ ಟೂರ್ನಿಯಾಗಿತ್ತು, ಏಕೆ ನಿಂತುಹೋಯಿತು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಮಡಿಕೇರಿ ಓದುಗ:
ತಾವು ಕೇಳಿದ್ದು ಸಂತೋಷ. ಈ ಟೂರ್ನಿಯನ್ನು ಜನ ಇಷ್ಟು ಬೇಗ ಮರೆಯಬಾರದಿತ್ತು.

ಸಂಟೋರಿ ಓಪನ್ ಆರಂಭವಾದದ್ದು 1973ರಲ್ಲಿ. ಜಪಾನಿನ ಪುರುಷರ ವೃತ್ತಿಪರ ಟೂರ್ ಕ್ರಮಬದ್ಧ ರೂಪ ಪಡೆದದ್ದೂ ಅದೇ ವರ್ಷ. ಅದಕ್ಕೂ ಮೊದಲೇ, 1957ರಲ್ಲಿ ಜಪಾನಿನ ಕಸುಮಿಗಸೆಕಿಯಲ್ಲಿ ನಡೆದ, ದೇಶಕ್ಕೆ ಇಬ್ಬರಂತೆ ಆಡುವ ಕೆನಡಾ ಕಪ್‌ನಲ್ಲಿ ಜಪಾನಿನ ತೊರಾಕಿಚಿ ನಕಮುರ ಮತ್ತು ಕೊಯಿಚಿ ಒನೊ ಜೋಡಿಯು ಸ್ಯಾಮ್ ಸ್ನೀಡ್ ಇದ್ದ ಅಮೆರಿಕ ತಂಡವನ್ನೂ ಹಿಂದಿಕ್ಕಿ ಗೆದ್ದಿತ್ತು. ಆ ಗೆಲುವಿನ ನಂತರ ಗಾಲ್ಫ್ ಬಗ್ಗೆ ಜಪಾನಿನಲ್ಲಿ ಎದ್ದ ಉತ್ಸಾಹವನ್ನು ಅಲ್ಲಿನ ದೊಡ್ಡ ಕಂಪನಿಗಳು ಗಮನಿಸಿ, ಒಂದೊಂದಾಗಿ ತಮ್ಮ ಹೆಸರಿನ ಟೂರ್ನಿಗಳನ್ನು ಕಟ್ಟತೊಡಗಿದವು. ಒಸಾಕಾದಲ್ಲಿ 1899ರಲ್ಲಿ ಆರಂಭವಾದ ವ್ಯಾಪಾರದಿಂದ ಬೆಳೆದು ವಿಸ್ಕಿಗೆ ಹೆಸರಾದ ಸಂಟೋರಿಯೂ ಅವುಗಳಲ್ಲೊಂದು.

ಗೆದ್ದವರ ಹೆಸರುಗಳನ್ನು ನೋಡಿದರೆ ಟೂರ್ನಿಯ ಮಟ್ಟ ತಿಳಿಯುತ್ತದೆ. ಅಮೆರಿಕದ ಬಿಲ್ ರಾಜರ್ಸ್ 1980 ಮತ್ತು 1981ರಲ್ಲಿ ಸತತವಾಗಿ ಗೆದ್ದರು, ಅದರಲ್ಲೂ ಎರಡನೆಯ ಗೆಲುವು ಬಂದದ್ದು ಅವರು ಗಾಲ್ಫ್‌ನ ನಾಲ್ಕು ಅತಿ ದೊಡ್ಡ ಟೂರ್ನಿಗಳಲ್ಲೊಂದಾದ ಬ್ರಿಟಿಷ್ ಓಪನ್ ಗೆದ್ದ ವರ್ಷದಲ್ಲೇ. 1989ರಲ್ಲಿ ಗೆದ್ದ ಲ್ಯಾರಿ ನೆಲ್ಸನ್ ಆ ಹೊತ್ತಿಗಾಗಲೇ ಆ ನಾಲ್ಕರಲ್ಲೇ ಸೇರಿದ ಅಮೆರಿಕನ್ ಓಪನ್ ಅನ್ನು ಒಮ್ಮೆ ಹಾಗೂ ಪಿಜಿಎ ಚಾಂಪಿಯನ್‌ಶಿಪ್ ಅನ್ನು ಎರಡು ಬಾರಿ ಗೆದ್ದವರಾಗಿದ್ದರು. ಇಂಥವರ ಸಾಲಿನಲ್ಲಿ ರಾಂಧಾವ ಅವರ ಹೆಸರಿದೆ ಎಂಬುದನ್ನು ನಿಮ್ಮ ಪಟ್ಟಿಯಲ್ಲಿ ಖಂಡಿತ ಬರೆಯಿರಿ. ಆ ಗೆಲುವಿನ ಹಿಂದಿನ ವರ್ಷವಷ್ಟೇ ಅವರು ಏಷ್ಯನ್ ಟೂರ್‌ನ ಗಳಿಕೆ ಪಟ್ಟಿಯಲ್ಲಿ ಅಗ್ರಸ್ಥಾನ ಪಡೆದಿದ್ದರು.

ಕೊನೆಯ ಟೂರ್ನಿ ನಡೆದದ್ದು 2007ರಲ್ಲಿ. ಅದೇ ವರ್ಷದ ಮೇ ತಿಂಗಳಲ್ಲಿ ರ‍್ಯೋ ಇಶಿಕಾವಾ ಎಂಬ 15 ವರ್ಷದ ಹವ್ಯಾಸಿ ಹುಡುಗ ಮನ್‌ಸಿಂಗ್‌ವೇರ್ ಓಪನ್ ಗೆದ್ದು ಇಡೀ ದೇಶದ ಕಣ್ಣು ಸೆಳೆದಿದ್ದ. ಪುರುಷರ ಆಟಕ್ಕೆ ಅಷ್ಟು ದೊಡ್ಡ ಆಕರ್ಷಣೆ ದೊರೆತ ವರ್ಷವೇ ಇಷ್ಟು ಹಳೆಯ ಟೂರ್ನಿ ಕೊನೆಗೊಂಡದ್ದು ನನಗೆ ಇಂದಿಗೂ ಬೇಸರದ ಸಂಗತಿ.

ನಾಪೋಕ್ಲು ಹಾಕಿ ಅಭಿಮಾನಿ:
ಏಕೆ ನಿಂತಿತು ಎಂಬ ಪ್ರಶ್ನೆಗೆ ನನ್ನ ಅಭಿಪ್ರಾಯ ಹೇಳುತ್ತೇನೆ. ಜಪಾನಿನಲ್ಲಿ ಅನೇಕ ಟೂರ್ನಿಗಳು ಪ್ರಾಯೋಜಕರ ಹೆಸರಿನಲ್ಲೇ ಹುಟ್ಟಿ, ಅವರ ಹಣದಿಂದಲೇ ನಡೆಯುತ್ತವೆ. ಆ ಕಂಪನಿಯ ಆದ್ಯತೆ ಬದಲಾದರೆ ಟೂರ್ನಿಯನ್ನು ಮುಂದುವರಿಸಲು ಬೇರೆ ವಾರಸುದಾರರು ಇರುವುದಿಲ್ಲ. 1990ರ ದಶಕದಲ್ಲಿ ಅಲ್ಲಿನ ಆರ್ಥಿಕತೆ ಕುಸಿದ ಮೇಲೆ ಪುರುಷರ ಟೂರ್ ಹೀಗೆ ಹಲವು ಟೂರ್ನಿಗಳನ್ನು ಕಳೆದುಕೊಂಡಿತು. ನಮ್ಮ ಕೊಡವ ಕೌಟುಂಬಿಕ ಹಾಕಿಯನ್ನೇ ನೋಡಿ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟುಂಬದವರು ಆರಂಭಿಸಿದ ಈ ಉತ್ಸವದ ಹೊಣೆಯನ್ನು ಪ್ರತಿ ಸಲವೂ ಬೇರೊಂದು ಒಕ್ಕದವರು (ಕುಟುಂಬದವರು) ಹೊರುತ್ತಾರೆ, ಕಪ್ಪಿಗೂ ಆ ಒಕ್ಕದ ಹೆಸರೇ ಇರುತ್ತದೆ. ಆದ್ದರಿಂದಲೇ ಕೆಲವು ವರ್ಷ ನಡೆಯದೆ ಹೋದರೂ 2023ರಲ್ಲಿ ನಮ್ಮ ನಾಪೋಕ್ಲಿನಲ್ಲಿ ಅದು ಮತ್ತೆ ನಡೆಯಿತು. ಸಂಟೋರಿ ಓಪನ್‌ಗೆ ಅಂಥ ಆಸರೆ ಇರಲಿಲ್ಲ.

ಮಡಿಕೇರಿ ಓದುಗ:
ನೀವು ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ಆ ಕಂಪನಿ ಗಾಲ್ಫ್‌ನಿಂದಲೇ ದೂರ ಸರಿಯಿತೆಂದು ಯಾರೂ ಭಾವಿಸಬಾರದು. 1990ರಲ್ಲಿ ಆರಂಭಿಸಿದ ಸಂಟೋರಿ ಲೇಡೀಸ್ ಓಪನ್ ಅನ್ನು ಅದು ಮುಂದುವರಿಸಿದೆ. ಇಂದು ಜಪಾನಿನ ಮಹಿಳಾ ಟೂರ್‌ನಲ್ಲಿ ವರ್ಷಕ್ಕೆ 30ಕ್ಕೂ ಹೆಚ್ಚು ಟೂರ್ನಿಗಳಿದ್ದು, ಸಂಖ್ಯೆಯಲ್ಲಿ ಅದು ಪುರುಷರ ಟೂರನ್ನು ಮೀರಿಸಿದೆ.

ಬಿಟ್ಟಂಗಾಲದ ಆಟಗಾರ:
ಇಬ್ಬರಿಗೂ ಕೃತಜ್ಞತೆಗಳು. ನಿಂತುಹೋದ ಟೂರ್ನಿಯಾದ್ದರಿಂದ ಅದನ್ನು ಪಟ್ಟಿಯ ಕೊನೆಗೆ ಹಾಕೋಣವೆಂದು ನಮ್ಮಲ್ಲೊಬ್ಬರು ಹೇಳಿದ್ದರು. ಅದು ಸರಿಯಾದೀತೇ?

ಮಡಿಕೇರಿ ಓದುಗ:
ದಯವಿಟ್ಟು ಹಾಗೆ ಮಾಡಬೇಡಿ, ಕಾಲಕ್ರಮದಲ್ಲೇ ಇಡಿ. ಜೀವ್ ಮಿಲ್ಖಾ ಸಿಂಗ್ ಅವರು ಜಪಾನಿನಲ್ಲಿ ಕ್ಯಾಸಿಯೊ ವರ್ಲ್ಡ್ ಓಪನ್ ಮತ್ತು ಗಾಲ್ಫ್ ನಿಪ್ಪಾನ್ ಸೀರೀಸ್ ಗೆದ್ದದ್ದು 2006ರಲ್ಲಿ; ರಾಂಧಾವ ಅವರ ಗೆಲುವು ಅದಕ್ಕಿಂತ ಮೂರು ವರ್ಷ ಹಿಂದಿನದು. ಜೊತೆಗೆ ಸ್ಥಳದ ವಿವರವನ್ನೂ ಸೇರಿಸಿ. ಈ ಟೂರ್ನಿಗೆ ಹಿಂದೆ ಹಲವು ವರ್ಷ ನೆಲೆಯಾಗಿದ್ದ ಚಿಬಾ ಪ್ರಾಂತ್ಯದ ನರಶಿನೊ ಕಂಟ್ರಿ ಕ್ಲಬ್ಬಿನಲ್ಲೇ 2019ರಲ್ಲಿ ಟೈಗರ್ ವುಡ್ಸ್ ಅಮೆರಿಕದ ಪಿಜಿಎ ಟೂರ್‌ನಲ್ಲಿ ತಮ್ಮ 82ನೆಯ ಪ್ರಶಸ್ತಿ ಗೆದ್ದು, ಅತಿ ಹೆಚ್ಚು ಗೆಲುವುಗಳ ಸ್ಯಾಮ್ ಸ್ನೀಡ್ ಅವರ ದಾಖಲೆಯನ್ನು ಸರಿಗಟ್ಟಿದರು.