14ನೇ ಪೋರ್ಟಿನ ಅವಾಂತರ

"ಆ ಮ್ಯಾಪ್ ಸಾಫ್ಟ್‌ವೇರ್ ಬರೆದವನು ಕೈಗೆ ಸಿಗಬೇಕು ಕಣೋ," ಎನ್ನುತ್ತಲೇ ಸೀನ ದರ್ಶಿನಿಯ ಮೇಜಿನ ಮೇಲೆ ತಟ್ಟೆ ಕುಕ್ಕಿದ. ಸಾಂಬಾರ್ ಸ್ವಲ್ಪ ನನ್ನ ತೋಳಿಗೂ ಬಂತು.

"ಏನಾಯ್ತೋ?"

"ಅಕೌಂಟ್ಸ್‌ನವರ ಪ್ರಿಂಟರ್ ನೆಟ್‌ವರ್ಕಿನಲ್ಲಿ ಕಾಣ್ತಾ ಇರಲಿಲ್ಲ. ಯಾವ ಯಂತ್ರದ ಕೇಬಲ್ ಸ್ವಿಚ್ಚಿನ ಯಾವ ಪೋರ್ಟಿಗೆ, ಅಂದರೆ ಯಾವ ಕಿಂಡಿಗೆ, ಬಂದಿದೆ ಅಂತ ತೋರಿಸೋ ಮ್ಯಾಪ್ ತೆಗೆದೆ. ಪ್ರಿಂಟರ್ ಕೊನೆಗೆ ಕಂಡದ್ದು 14ನೇ ಪೋರ್ಟಿನಲ್ಲಿ ಅಂದಿತು. ಕಿತ್ತು ಮತ್ತೆ ಹಾಕಿದರೆ ಸರಿಹೋಗುತ್ತೆ ಅಂತ 14ರ ಕೇಬಲ್ ಕಿತ್ತೆ. ಎಂಡಿ ರೂಮಿನಿಂದ ಕೂಗು ಬಂತು. ಸಾಹೇಬರು ವಿಡಿಯೋ ಕಾಲ್‌ನಲ್ಲಿ ಬಾಯಿ ತೆರೆದವರು ಹಾಗೇ ನಿಂತುಬಿಟ್ಟಿದ್ದರಂತೆ."

ಗಿರಿಗೆ ನಗು ತಡೆಯಲಾಗಲಿಲ್ಲ. ವಡೆ ನೆತ್ತಿಗೇರಿತು.

ನಾನು ಸೀನನ ಪರ ನಿಂತೆ. ಹೋದ ವರ್ಷ ನನಗೂ ಹೀಗೇ ಆಗಿತ್ತು. ನಮ್ಮ ಮ್ಯಾಪಿನಲ್ಲಿ ಪ್ರತಿ ಕಂಪ್ಯೂಟರೂ ಎರಡೆರಡು ಪೋರ್ಟು ಹಿಂದಕ್ಕೆ ಕೂತಿತ್ತು. 3ರಲ್ಲಿರುವುದು 1ರಲ್ಲಿ, 9ರಲ್ಲಿರುವುದು 7ರಲ್ಲಿ.

"ಬೆಂಗಳೂರಿನ ಗೇಟುಗಳ ಮೇಲೆ ಹಳೇ ನಂಬರ್, ಹೊಸ ನಂಬರ್ ಅಂತ ಎರಡು ಇರುತ್ತಲ್ಲ," ಎಂದೆ. "ಸ್ವಿಚ್ಚಿನೊಳಗೂ ಅದೇ ಕಥೆ. ಯಾವ ಮ್ಯಾಕ್ ಅಡ್ರೆಸ್, ಅಂದರೆ ಯಂತ್ರದ ಗುರುತಿನ ನಂಬರ್, ಎಲ್ಲಿದೆ ಅಂತ ಕೇಳಿದರೆ ಅದು ಬ್ರಿಡ್ಜ್ ಪೋರ್ಟ್ ನಂಬರ್ ಹೇಳುತ್ತೆ. ಇಂಟರ್‌ಫೇಸಿನ ನಂಬರ್ ಬೇರೆ, ಅದಕ್ಕೆ ಐಎಫ್‌ಇಂಡೆಕ್ಸ್ ಅಂತಾರೆ. ಒಂದರಿಂದ ಇನ್ನೊಂದಕ್ಕೆ ಹೋಗೋಕೆ ಒಂದು ಟೇಬಲ್ ಉಂಟು. ನಮ್ಮ ಸಾಫ್ಟ್‌ವೇರ್ ಅದನ್ನು ಓದುತ್ತಲೇ ಇರಲಿಲ್ಲ. ಆ ಸ್ವಿಚ್ಚಿನಲ್ಲಿ ಮೊದಲ ಎರಡು ಇಂಡೆಕ್ಸ್, ವಿಲ್ಯಾನ್ ಅನ್ನೋ ಕಿಂಡಿಯೇ ಇಲ್ಲದ ಒಳಗಿನ ನೆಟ್‌ವರ್ಕಿಗೆ ಮತ್ತಿನ್ನೇನಕ್ಕೋ ಹೋಗಿದ್ದವು. ಎಲ್ಲರೂ ಎರಡು ಮನೆ ಜಾರಿದರು."

"ಹೇಗೆ ಗೊತ್ತಾಯ್ತು?"

"ಎಸ್‌ಎನ್‌ಎಂಪಿ ವಾಕ್ ಮಾಡಿದೆ, ಅಂದರೆ ಸ್ವಿಚ್ಚಿನೊಳಗಿನ ಲೆಕ್ಕವನ್ನೆಲ್ಲ ಸಾಲುಸಾಲಾಗಿ ತರಿಸಿ ನೋಡಿದೆ. 1.3.6.1.2.1.17ರಿಂದ ಶುರುವಾಗೋ ಸಾಲುಗಳು..."

"ಅದೇನು ಲಾಟರಿ ನಂಬರಾ?"

ಗಿರಿ ಅಷ್ಟರಲ್ಲಿ ನೀರು ಕುಡಿದು ಸುಧಾರಿಸಿಕೊಂಡಿದ್ದ. "ಹೆಸರಿನ ಗೋಳು ಇನ್ನೂ ಜಾಸ್ತಿ. ಮನೆಯಲ್ಲಿ ನೀನು ಸೀನ, ಮಾರ್ಕ್ಸ್ ಕಾರ್ಡಿನಲ್ಲಿ ಶ್ರೀನಿವಾಸ. ಪೋರ್ಟಿಗೂ ಐಎಫ್‌ನೇಮ್ ಅನ್ನೋದು ಸ್ವಿಚ್ಚು ಇಟ್ಟ ಹೆಸರು, ಐಎಫ್‌ಅಲಿಯಾಸ್ ನಾವು ಇಟ್ಟ ಅಡ್ಡಹೆಸರು. ನಮ್ಮಲ್ಲಿ ಒಂದು ಪೋರ್ಟಿಗೆ ಇವತ್ತಿಗೂ ‘ರಿಸೆಪ್ಷನ್’ ಅಂತಿದೆ. ರಿಸೆಪ್ಷನ್ ಕೆಳಗಿನ ಮಹಡಿಗೆ ಹೋಗಿ ಎಷ್ಟು ಕಾಲ ಆಯ್ತೋ. ಮ್ಯಾಪು ಪಾಪ, ಬರೆದದ್ದನ್ನು ಓದುತ್ತೆ. ಇನ್ನು ಕೆಲವು ಸ್ವಿಚ್ಚಿಗೆ ರೀಬೂಟ್ ಆದರೆ ಇಂಡೆಕ್ಸೇ ಬದಲಾಗುತ್ತೆ. ಸಿಸ್ಕೋ ಆದರೆ ‘ಐಎಫ್‌ಇಂಡೆಕ್ಸ್ ಪರ್ಸಿಸ್ಟ್’ ಅಂತ ಒಂದು ಸಾಲು ಹಾಕಿಡಬೇಕು."

"ನಮ್ಮದು ರೀಬೂಟ್ ಆಗಿಲ್ಲ."

"ರ‍್ಯಾಕಿನ ಫೋಟೋ ಇದೆಯಾ?"

ಸೀನ ಫೋನ್ ಕೊಟ್ಟ. ಗಿರಿ ಬೆರಳಿನಲ್ಲಿ ಹಿಗ್ಗಿಸಿ ನೋಡಿದ. ಆಮೇಲೆ ನನ್ನ ಕಡೆ ತಿರುಗಿಸಿದ. ಸ್ವಿಚ್ಚಿನ ಮೇಲೆ ಮುದ್ದಾದ ಬಿಳಿ ಸ್ಟಿಕ್ಕರುಗಳು. ಮೇಲಿನ ಸಾಲಿನಲ್ಲಿ 1ರಿಂದ 12, ಕೆಳಗೆ 13ರಿಂದ 24.

"ಇದನ್ನು ಅಂಟಿಸಿದವರು ಯಾರು?"

"ನಾನೇ. ಅಚ್ಚಾದ ನಂಬರ್ ಇರುವೆ ಕಾಲಿನ ಹಾಗಿತ್ತು, ಕಾಣ್ತಾ ಇರಲಿಲ್ಲ."

"ಈ ಸ್ವಿಚ್ಚಿನಲ್ಲಿ ಮೇಲೆ 1, 3, 5. ಕೆಳಗೆ 2, 4, 6. ಗೋಡೆಯ ಕೇಬಲ್ಲುಗಳು ಬಂದು ಸೇರೋ ಪ್ಯಾಚ್ ಪ್ಯಾನೆಲಿನ ಹಾಗೆ ಸಾಲಾಗಿ ಹೋಗಲ್ಲ ಮಾರಾಯ. ನಿನ್ನ 14 ನಿಜಕ್ಕೂ 4."

ಸೀನ ಬೆರಳು ಮಡಚಿ ಎಣಿಸಿದ. ಎರಡು ಸಲ ಎಣಿಸಿದ. ಕಾಫಿ ಆರಿ ಕೆನೆ ಕಟ್ಟಿತ್ತು.

"ಹಾಗಾದರೆ ಪ್ರಿಂಟರ್ ಇರೋ ನಿಜವಾದ 14?"

"ಕೆಳಗಿನ ಸಾಲಿನ ಏಳನೆಯದು. ನಿನ್ನ ಸ್ಟಿಕ್ಕರಿನ ಪ್ರಕಾರ 19."

ಸೀನ ಸುಮ್ಮನಾದ. ತುಂಬಾ ಹೊತ್ತು ಸುಮ್ಮನಾದ.

"ಏನೋ?"

"ಮೊನ್ನೆ ಮ್ಯಾಪಿನಲ್ಲಿ 19 ಖಾಲಿ ಅಂತ ತೋರಿಸಿತ್ತು. ಸುಮ್ನೆ ಜೋತಾಡ್ತಾ ಇದೆ ಅಂತ ಆ ಕೇಬಲ್ ಕಿತ್ತು, ಸುತ್ತಿ, ಡ್ರಾಯರಿನಲ್ಲಿ ಇಟ್ಟಿದ್ದೀನಿ."